ಹಾರ್ಟ್ ಪ್ಯಾಕೇಜ್: ರಕ್ತ ತೆಗೆದರು, ಕೇಳಬೇಕಾದ್ದು ಕೇಳಲಿಲ್ಲ

ಶಿರಸಿ ಪೇಟೆಯ ಲ್ಯಾಬೊಂದರಲ್ಲಿ ‘ಐವತ್ತು ದಾಟಿದ ಮಹಿಳೆಯರಿಗೆ ಹಾರ್ಟ್ ಪ್ಯಾಕೇಜ್’ ಅಂತ ಬೋರ್ಡ್ ಹಾಕಿದ್ದಾರೆ, 1,800 ರೂಪಾಯಿ. ನಾನು, ನನ್ನ ಅತ್ತಿಗೆ ಇಬ್ಬರೂ ಮಾಡಿಸಿದೆವು. ರಕ್ತ ತೆಗೆದ ಹುಡುಗಿಯ ಕೈ ಹಗುರ, ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ರಿಪೋರ್ಟ್ ಸಂಜೆಯೊಳಗೆ ವಾಟ್ಸಾಪಿಗೆ ಬಂತು. ಇಷ್ಟಕ್ಕೆ ಪೂರ್ತಿ ಅಂಕ.

ಬಿಪಿ ನೋಡಿದ ಚಂದ ಮಾತ್ರ ಹೇಳಲೇಬೇಕು. ಲ್ಯಾಬ್ ಇರುವುದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೊಣಕಾಲು ಹಿಡಿದುಕೊಂಡು ಹತ್ತಿ ಬಂದ ಅತ್ತಿಗೆಯನ್ನು ಸ್ಟೂಲ್ ಮೇಲೆ ಕೂರಿಸಿ, ರವಿಕೆ ತೋಳಿನ ಮೇಲೇ ಪಟ್ಟಿ ಸುತ್ತಿ, ಕೈ ಜೋತಾಡುತ್ತಿದ್ದಂತೆಯೇ 158/94 ಅಂತ ಬರೆದುಕೊಂಡರು. ಐದು ನಿಮಿಷ ಒರಗಿ ಕೂತು, ಕೈಯನ್ನು ಎದೆಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಬೇಕಾದ್ದು. ಸೊಂಟಕ್ಕೆ ಟೇಪ್ ಹಿಡಿಯಲೇ ಇಲ್ಲ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅದೂ ಹೃದಯದ ಅಪಾಯದ ಲೆಕ್ಕಕ್ಕೆ ಬರುತ್ತದೆ, ಖರ್ಚೂ ಇಲ್ಲ. ಬದಲಿಗೆ ವಿಟಮಿನ್ ಡಿ, ಯೂರಿಕ್ ಆಸಿಡ್ ಸೇರಿಸಿ ಪಟ್ಟಿ ಉದ್ದ ಮಾಡಿದ್ದಾರೆ.

ಇಸಿಜಿ ನಾರ್ಮಲ್ ಬಂದಿದ್ದೇ ಕೌಂಟರಿನವರು ‘ನಿಮ್ಮ ಹಾರ್ಟ್ ಫಸ್ಟ್ ಕ್ಲಾಸ್ ಅಮ್ಮಾ’ ಅಂದುಬಿಟ್ಟರು. ಮಲಗಿದ್ದಾಗ ತೆಗೆದ ಇಸಿಜಿ ಸರಿಯಿದ್ದೂ ರಕ್ತನಾಳದಲ್ಲಿ ಬ್ಲಾಕ್ ಇರಬಹುದು.

ಅಸಲು ತಪಾಸಣೆ ನಡೆದದ್ದು ಆ ರಿಪೋರ್ಟ್ ಹಿಡಿದು ನಮ್ಮ ಮಾಮೂಲಿ ಡಾಕ್ಟರಮ್ಮನ ಹತ್ತಿರ ಹೋದಾಗ. ಅವರು ಮೊದಲು ಕೇಳಿದ್ದೇ ಮುಟ್ಟು ನಿಂತದ್ದು ಯಾವಾಗ ಅಂತ. ಅತ್ತಿಗೆಗೆ 41ಕ್ಕೇ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದಾರೆ. ಈಸ್ಟ್ರೋಜನ್ (ಅಂಡಾಶಯದಿಂದ ಬರುವ ಹೆಣ್ಣು ಹಾರ್ಮೋನು) ಅಷ್ಟು ಬೇಗ ನಿಂತವರಿಗೆ ಹೃದಯದ ಅಪಾಯ ಹೆಚ್ಚು ಎಂದರು. ಎರಡನೇ ಬಸುರಿಯಲ್ಲಿ ಬಿಪಿ ಏರಿತ್ತಂತೆ, ಅದನ್ನೂ ಬರೆದುಕೊಂಡರು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಬ್ಬರದ್ದೂ 140ರ ಆಸುಪಾಸೇ. ನನಗೆ ಊಟ, ನಡಿಗೆ ಹೇಳಿ ಆರು ತಿಂಗಳು ಬಿಟ್ಟು ಬನ್ನಿ ಎಂದರು. ಅತ್ತಿಗೆಗೆ ಬೆಳಿಗ್ಗೆ ಸಂಜೆ ಮನೆಯಲ್ಲೇ ಬಿಪಿ ನೋಡಿ ಬರೆದಿಟ್ಟು ಮುಂದಿನ ವಾರವೇ ಬರಬೇಕೆಂದು ಹೇಳಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಮಾತೂ ಎತ್ತಿದರು. ಲ್ಯಾಬಿನ ಫಾರ್ಮಿನಲ್ಲಿ ಇದನ್ನೆಲ್ಲ ಕೇಳುವ ಒಂದು ಸಾಲೂ ಇರಲಿಲ್ಲ. ಹೆಸರಿಗೆ ಮಹಿಳೆಯರ ಪ್ಯಾಕೇಜ್!

ಎದೆ, ದವಡೆ, ಬೆನ್ನು ಹಿಂಡಿದಂತಾಗಿ ಬೆವರು, ಏದುಸಿರು ಬಂದವರು ಪ್ಯಾಕೇಜ್ ಅಂತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ದೊಡ್ಡ ಚಿಕಿತ್ಸೆಗೆ ನಮಗೆ ಹುಬ್ಬಳ್ಳಿಯೋ ಮಣಿಪಾಲವೋ, ಎರಡೂ ತಾಸುಗಟ್ಟಲೆ ದಾರಿ. ಉಳಿದವರು ಲಿಪಿಡ್ (ಕೊಲೆಸ್ಟ್ರಾಲ್), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕ್ರಿಯಾಟಿನಿನ್ (ಕಿಡ್ನಿ) ಇಷ್ಟನ್ನೇ ಬಿಡಿಯಾಗಿ ಕೇಳಿ. ಬೋರ್ಡಿನಲ್ಲಿ ಬರೆದಿಲ್ಲ, ಆದರೆ ಮಾಡಿಕೊಡುತ್ತಾರೆ, ಅರ್ಧ ದುಡ್ಡಿಗೆ.