ಹಳೇ ಕಾರ್ ಕಿಟ್‌ಗೆ ಹಾರ್ಡ್‌ವೇರ್ ಅಂಗಡಿ ಥಿನ್ನರ್ ಹಾಕಬೇಡಿ

ಪ್ಲಾಸ್ಟಿಕ್ ಮಾಡೆಲ್ ಕಾರ್ ಕಿಟ್ (ಬಿಡಿ ಭಾಗಗಳನ್ನು ಅಂಟಿಸಿ ನಾವೇ ಕಟ್ಟುವ ಪುಟ್ಟ ಕಾರು) ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿರುವವರು, ಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಅದರ ಮೇಲಿನ ಹಳೇ ಬಣ್ಣ ತೆಗೆಯಲು ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಮುಟ್ಟಲೇಬೇಡಿ. ನಾನು ಮುಟ್ಟಿದೆ. ಐದು ನಿಮಿಷದಲ್ಲಿ ಕಾರಿನ ಬಾಡಿ ಹಾಳಾಯಿತು. ಆದರೆ ಬಾಡಿ ಹೋಗಿದ್ದಕ್ಕಿಂತ ಜಾಸ್ತಿ ಹೆದರಿಸಿದ್ದು ಬೇರೆ ವಿಷಯ. ಅದನ್ನೂ ಹೇಳುತ್ತೇನೆ.

ಕಿಟ್ ಜಪಾನಿನ ಟಾಮಿಯಾ ಕಂಪನಿಯದ್ದು. 1966ರ ಫೋಕ್ಸ್‌ವ್ಯಾಗನ್ ಬೀಟಲ್, 1/24 ಅಳತೆ, ಅಂದರೆ ನಿಜವಾದ ಕಾರಿನ ಇಪ್ಪತ್ನಾಲ್ಕನೇ ಒಂದು ಭಾಗದಷ್ಟು ಉದ್ದ. ನಿಜವಾದ ಬೀಟಲ್ ನಾಲ್ಕು ಮೀಟರ್‌ಗಿಂತ ಸ್ವಲ್ಪ ಉದ್ದ. ಈ ಅಳತೆಯಲ್ಲಿ ಅದು ಸುಮಾರು 17 ಸೆಂಟಿಮೀಟರ್, ಒಂದು ಗೇಣಿಗಿಂತ ಕಮ್ಮಿ. ಕಿಟ್‌ನಲ್ಲಿ ಯಾವ ದೋಷವೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕವನಿದ್ದಾಗ ಅಜ್ಜನ ಕೈ ಹಿಡಿದುಕೊಂಡು ಶರಣಬಸವೇಶ್ವರ ಜಾತ್ರೆಗೆ ಹೋಗುವಾಗ ರಸ್ತೆ ಪಕ್ಕ ಒಂದು ತಿಳಿ ನೀಲಿ ಬೀಟಲ್ ನಿಂತಿತ್ತು. ಆಮೆಯ ಹಾಗೆ ಇದೆ ಅಂತ ಅಜ್ಜ ತೋರಿಸಿದ್ದರು. ಆ ಬಣ್ಣದಲ್ಲೇ ಒಂದು ಕಟ್ಟಬೇಕು ಅಂತ ಎಷ್ಟೋ ವರ್ಷದಿಂದ ಆಸೆ ಇತ್ತು.

ಬೇರೆ ಊರಿನ ಒಬ್ಬರು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದ್ದರು. 2,400 ರೂಪಾಯಿ, ಕೊರಿಯರ್ ಬೇರೆ. "ಎಲ್ಲಾ ಪಾರ್ಟ್ ಇವೆ ಸರ್, ಸ್ವಲ್ಪ ಪೇಂಟ್ ಆಗಿದೆ ಅಷ್ಟೆ" ಅಂದರು. ಎರಡು ಫೋಟೋ ಕಳಿಸಿದರು, ಎರಡೂ ಡಬ್ಬದ್ದು. ಒಳಗಿನ ಫೋಟೋ ನಾನು ಕೇಳಲಿಲ್ಲ.

ಡಬ್ಬ ಬಂತು. ಮುಚ್ಚಳ ತೆಗೆದ ತಕ್ಷಣ ಕಂಡಿದ್ದು ಕೆಂಪು ಬಣ್ಣ. ಗೋಡೆಗೆ ಸುಣ್ಣ ಬಳಿದ ಹಾಗೆ ಬ್ರಷ್‌ನಲ್ಲಿ ದಪ್ಪ ದಪ್ಪ ಬಳಿದಿದ್ದರು. ಬಾಗಿಲಿನ ಸುತ್ತ ಇರಬೇಕಾದ ಸಣ್ಣ ಗೆರೆ ಬಣ್ಣದಲ್ಲೇ ಮುಚ್ಚಿಹೋಗಿತ್ತು. ಸೀಟುಗಳಿಗೂ ಅದೇ ಕೆಂಪು. ಅದಕ್ಕಿಂತ ಬೇಸರ ಆಗಿದ್ದು ಗಾಜಿನ ಭಾಗ (ಕಿಟ್‌ನಲ್ಲಿ ಇದೂ ಪಾರದರ್ಶಕ ಪ್ಲಾಸ್ಟಿಕ್ಕೇ) ನೋಡಿ. ಮೆತ್ತನೆ ಟೈರುಗಳನ್ನೂ ಕಿಟಕಿ ಗಾಜುಗಳನ್ನೂ ಒಂದೇ ಕವರ್‌ನಲ್ಲಿ ತುಂಬಿ ವರ್ಷಗಟ್ಟಲೆ ಇಟ್ಟಿದ್ದಾರೆ. ಮುಂದಿನ ಗಾಜಿನ ಮೇಲೆ ಟೈರಿನ ಗೆರೆಗಳು ಮುದ್ರೆ ಒತ್ತಿದ ಹಾಗೆ ಕೂತಿದ್ದವು. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಹೋಗುವುದೂ ಇಲ್ಲ. ಇಂಥ ಟೈರು ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆಯಂಥ ಒಂದು ಪದಾರ್ಥ ಸೇರಿಸಿರುತ್ತಾರೆ. ಅದು ನಿಧಾನವಾಗಿ ಹೊರಗೆ ಬಂದು, ತಾಗಿದ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ನಿಮ್ಮ ಹತ್ತಿರ ಕಟ್ಟದೆ ಇಟ್ಟಿರುವ ಕಿಟ್ ಇದ್ದರೆ ಇವತ್ತೇ ಟೈರುಗಳನ್ನು ಬೇರೆ ಕವರ್‌ಗೆ ಹಾಕಿ.

ಮಾರಿದವರಿಗೆ ಫೋಟೋ ಕಳಿಸಿದೆ. ನೋಡಿದರು. ಉತ್ತರ ಬರಲಿಲ್ಲ. ಮೂರನೇ ಮೆಸೇಜ್ ಆದ ಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದರು. ದುಡ್ಡು ಹೋಯಿತು ಅಂದುಕೊಂಡೆ. ಬಾಡಿ ಆದರೂ ಉಳಿಸಿಕೊಳ್ಳೋಣ, ಬಣ್ಣ ತೆಗೆದರೆ ಒಳಗೆ ಹೊಸದರ ಹಾಗೆ ಇರುತ್ತದೆ ಅನ್ನುವ ನಂಬಿಕೆ ಇತ್ತು.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಡೆ ಹೋಗಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ "ಪೇಂಟ್ ತೆಗೆಯೋಕೆ ಥಿನ್ನರ್ ಕೊಡಿ" ಅಂದೆ. ಅರ್ಧ ಲೀಟರ್ ಕೊಟ್ಟರು. ಅವರದ್ದೇನೂ ತಪ್ಪಿಲ್ಲ. ಅವರ ಹತ್ತಿರ ಥಿನ್ನರ್ ಕೇಳುವವರು ಬಾಗಿಲು ಪಾಲಿಶ್ ಮಾಡುವವರು, ಗಾಡಿಗೆ ಸ್ಪ್ರೇ ಹೊಡೆಯುವವರು. ಅವರು ಬಳಿಯುವುದು ಮರಕ್ಕೆ, ತಗಡಿಗೆ. ಮರವೂ ತಗಡೂ ಅದರಲ್ಲಿ ಕರಗುವುದಿಲ್ಲ. ನಮ್ಮ ಕಿಟ್ ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್. ಅದು ಕರಗುತ್ತದೆ. ಕಿಟ್ ಅಂಟಿಸುವ ಅಂಟು (ಅದನ್ನು ಸಿಮೆಂಟ್ ಅಂತಾರೆ) ಕೆಲಸ ಮಾಡುವುದೂ ಹೀಗೇ ಅಲ್ವಾ? ಎರಡು ಭಾಗದ ಅಂಚನ್ನು ಸ್ವಲ್ಪ ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಅಂಟು ಅಂಚಿಗೆ ಮಾಡುವುದನ್ನು ಥಿನ್ನರ್ ಇಡೀ ಬಾಡಿಗೆ ಮಾಡಿತು.

ಸ್ಟೀಲ್ ಬಟ್ಟಲಲ್ಲಿ ಥಿನ್ನರ್ ಸುರಿದು ಬಾಡಿಯನ್ನು ಕವುಚಿ ಹಾಕಿದೆ. ಒಂದು ನಿಮಿಷಕ್ಕೆ ಕೆಂಪು ಸುಕ್ಕುಗಟ್ಟಿ ಎದ್ದಿತು. ಖುಷಿಯಾಯಿತು. ಹಳೇ ಟೂತ್‌ಬ್ರಷ್ ತಗೊಂಡು ಉಜ್ಜಿದೆ. ಕೆಂಪಿನ ಜೊತೆ ಬಿಳಿ ಲೋಳೆ ಬರತೊಡಗಿತು. ಒಳಗಿನ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಮೊದಲ ಲೇಪ, ಇರಬೇಕು ಅಂದುಕೊಂಡು ಇನ್ನೂ ಉಜ್ಜಿದೆ. ಅದು ಪ್ರೈಮರ್ ಅಲ್ಲ, ಬಾಡಿಯೇ. ಎತ್ತಿ ನೋಡಿದರೆ ಬಾನೆಟ್ ಪಕ್ಕದ ಗೆರೆ ಇಲ್ಲ, ಕಿಟಕಿ ಮೇಲಿನ ಸಣ್ಣ ಅಂಚು ಇಲ್ಲ. ಗಾಬರಿಯಲ್ಲಿ ಬಿಗಿಯಾಗಿ ಹಿಡಿದೆ. ಬಾನೆಟ್ ಮೇಲೆ ನನ್ನ ಹೆಬ್ಬೆಟ್ಟು ಕೂತುಬಿಟ್ಟಿತು. ಸುರುಳಿ ಸುರುಳಿ ಗೆರೆ ಸಮೇತ, ಕಾಗದದ ಮೇಲೆ ಒತ್ತಿದಷ್ಟು ಸ್ಪಷ್ಟವಾಗಿ. ಅದು ಇವತ್ತಿಗೂ ಹಾಗೇ ಇದೆ.

ಈಗ ಆ ಹೆದರಿಕೆಯ ವಿಷಯ. ಇದೆಲ್ಲ ನಡೆದದ್ದು ಮೇ ತಿಂಗಳಲ್ಲಿ. ಕಲಬುರಗಿಯ ಮೇ ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಬೇಕಿಲ್ಲ. ಮಧ್ಯಾಹ್ನ 42 ಡಿಗ್ರಿ ದಾಟಿತ್ತು. ಬಿಸಿಗಾಳಿ ಬರಬಾರದು ಅಂತ ಕಿಟಕಿ ಬಾಗಿಲು ಹಾಕಿದ್ದೆ. ಧೂಳು ಹಾರುತ್ತದೆ ಅಂತ ಕೂಲರ್ ಕೂಡ ಆಫ್. ಪಕ್ಕದಲ್ಲಿ ಅಣ್ಣನ ಮಗಳು ಕೂತಿದ್ದಳು, ಏಳು ವರ್ಷ. ಕಾರು ಹೇಗೆ ಹೊಸದಾಗುತ್ತದೆ ನೋಡಬೇಕು ಅಂತ. ಹತ್ತು ನಿಮಿಷಕ್ಕೆ "ಕಾಕಾ, ತಲಿ ನೋಯ್ತದ" ಅಂದಳು. ನನಗೂ ತಲೆ ಸುತ್ತುತ್ತಿತ್ತು, ಸೆಕೆಗೆ ಅಂದುಕೊಂಡಿದ್ದೆ. ಪಕ್ಕದ ಅಡುಗೆಮನೆಯಲ್ಲಿ ಗ್ಯಾಸ್ ಉರಿಯುತ್ತಿತ್ತು, ಅನ್ನಕ್ಕೆ ಇಟ್ಟಿದ್ದರು. ವಾಸನೆ ಬಂದ ತಕ್ಷಣ ಅತ್ತಿಗೆ ಗ್ಯಾಸ್ ಆಫ್ ಮಾಡಿ ಎಲ್ಲ ಬಾಗಿಲು ತೆಗೆದರು. ಥಿನ್ನರ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ, ನೆಲದ ಮೇಲೆ ಹರಿದುಕೊಂಡು ಹೋಗುತ್ತದೆ. ಬೆಂಕಿ ಇರುವಲ್ಲಿಗೆ ತಲುಪಿದರೆ ಅಲ್ಲಿಂದಲೇ ಹೊತ್ತಿಕೊಳ್ಳಬಹುದು. ಮಗು ಕೂತಿದ್ದೂ ನೆಲದ ಮೇಲೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳನ್ನು ಎರಡು ಸಲ ಎದ್ದು ನೋಡಿ ಬಂದೆ.

ಇನ್ನೊಂದು ತಪ್ಪು ಮರುದಿನ ಆಯಿತು. ಬಾಡಿ ಒಣಗಲಿ, ಮತ್ತೆ ಗಟ್ಟಿಯಾದರೆ ಉಜ್ಜಿ ಸರಿ ಮಾಡೋಣ ಅಂತ ಮಾಳಿಗೆ ಮೇಲಿಟ್ಟೆ. ನಮ್ಮ ಮಾಳಿಗೆಗೆ ಹಾಸಿರುವುದು ಶಹಾಬಾದ್ ಕಲ್ಲು. ಆ ಹೊತ್ತಿನಲ್ಲಿ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಒಳ್ಳೆಯ ಪಾಲಿಸ್ಟೈರೀನ್ ಸುಮಾರು 100 ಡಿಗ್ರಿವರೆಗೆ ಗಟ್ಟಿಯಾಗಿಯೇ ಇರುತ್ತದೆ. ಥಿನ್ನರ್ ಕುಡಿದದ್ದು ಅಷ್ಟು ತಡೆಯುವುದಿಲ್ಲ. ಸಂಜೆ ಹೋಗಿ ನೋಡಿದರೆ ಕಾರಿನ ಮೇಲ್ಛಾವಣಿ ಒಂದು ಕಡೆ ಕುಸಿದಿತ್ತು.

ಹಾಗಾದರೆ ಬಣ್ಣ ತೆಗೆಯುವುದು ಹೇಗೆ? ಉಳಿದ ಸೀಟುಗಳ ಮೇಲೆ ಆಮೇಲೆ ಮಾಡಿ ನೋಡಿದ್ದನ್ನು ಹೇಳುತ್ತೇನೆ. ಭಾಗಗಳನ್ನು ಹಿಡಿದಿರುವ ಕಡ್ಡಿಚೌಕಟ್ಟು, ಅಂದರೆ ಸ್ಪ್ರೂ, ಅದೇ ಪ್ಲಾಸ್ಟಿಕ್. ಮೊದಲು ಅದರ ಒಂದು ತುಂಡು ಕತ್ತರಿಸಿ, ಏನು ಬಳಸಬೇಕು ಅಂತಿದ್ದೀರೋ ಅದರಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಬೆಳಿಗ್ಗೆ ಉಗುರಿನಿಂದ ಒತ್ತಿ. ಮೆತ್ತಗಾಗಿದ್ದರೆ, ಅಂಟು ಅಂಟಾಗಿದ್ದರೆ ಅದು ಬೇಡ. ಆಕ್ರಿಲಿಕ್ ಬಣ್ಣಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಮಾನ್ಯವಾಗಿ ಸಾಕು. ನನ್ನ ಕೆಂಪು ಎನಾಮೆಲ್, ಅದಕ್ಕೆ ಅದು ಜಗ್ಗಲಿಲ್ಲ. ಬೈಕಿಗೆ ಹಾಕುವ ಡಾಟ್ 3 ಬ್ರೇಕ್ ಆಯಿಲ್‌ನಲ್ಲಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಬಣ್ಣ ಸಿಪ್ಪೆ ಸುಲಿದ ಹಾಗೆ ಬಂತು. ಕೆಳಗಿನ ಸೀಟಿನ ಹೊಲಿಗೆ ಗೆರೆ ಒಂದೂ ಹಾಳಾಗಿರಲಿಲ್ಲ. ಬ್ರೇಕ್ ಆಯಿಲ್ ಕೂಡ ವಿಷವೇ. ಕೈಗವಸು ಬೇಕೇ ಬೇಕು, ಡಬ್ಬಕ್ಕೆ ಮುಚ್ಚಳ ಬೇಕು, ಮಕ್ಕಳ ಕೈಗೆ ಸಿಗಬಾರದು, ಮೋರಿಗೆ ಸುರಿಯಬಾರದು. ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆಯಿರಿ. ಗಾಜಿನ ಭಾಗವನ್ನಾಗಲಿ ಕ್ರೋಮ್ ಭಾಗವನ್ನಾಗಲಿ ಇದರಲ್ಲಿ ಹಾಕಬೇಡಿ.

ಬಣ್ಣ ಹೊಡೆಯುವುದಿದ್ದರೆ ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಮುಗಿಸಿ, ಗಾಳಿಯಾಡುವ ಕಡೆ. ಮಧ್ಯಾಹ್ನ ಹೊಡೆದರೆ ಬಣ್ಣದ ಹನಿ ಕಾರಿಗೆ ತಾಗುವ ಮೊದಲೇ ಅರ್ಧ ಒಣಗಿ, ಮೈ ಉಪ್ಪುಕಾಗದದ ಹಾಗಾಗುತ್ತದೆ. ಸ್ಪ್ರೇ ಕ್ಯಾನನ್ನು ಮಾಳಿಗೆ ಮೇಲೆ, ಕಾರೊಳಗೆ ಬಿಟ್ಟು ಬರಬೇಡಿ. 50 ಡಿಗ್ರಿ ಮೇಲೆ ಹೋಗಬಾರದು ಅಂತ ಕ್ಯಾನ್ ಮೇಲೇ ಬರೆದಿರುತ್ತದೆ. ನಮ್ಮೂರ ಬಿಸಿಲಿಗೆ ಅದು ದೊಡ್ಡ ಮಾತಲ್ಲ.

ಕೊಳ್ಳುವ ಮೊದಲು ಡಬ್ಬದ ಫೋಟೋ ಕಳಿಸಿದವರಿಗೆ ಇಷ್ಟು ಕೇಳಿ: ಎಲ್ಲ ಭಾಗಗಳನ್ನೂ ಬಿಳಿ ಬಟ್ಟೆ ಮೇಲೆ ಹರಡಿ ಒಂದು ಫೋಟೋ, ಗಾಜಿನ ಭಾಗ ಹತ್ತಿರದಿಂದ ಒಂದು, ಟೈರು ಒಂದು, ಡೆಕಾಲ್ (ಕಾರಿನ ಮೇಲೆ ಅಂಟಿಸುವ ಗುರುತುಗಳ) ಹಾಳೆ ಒಂದು. ಮ್ಯಾನುಯಲ್‌ನಲ್ಲಿ ಭಾಗಗಳ ಪಟ್ಟಿಯ ಚಿತ್ರ ಇರುತ್ತದೆ, ಅದನ್ನು ಪಕ್ಕದಲ್ಲಿಟ್ಟು ಎಣಿಸಿ. "ಸ್ವಲ್ಪ ಪೇಂಟ್ ಆಗಿದೆ" ಅಂದರೆ ಯಾವ ಬಣ್ಣ, ಯಾವ ಡಬ್ಬಿಯದ್ದು ಅಂತ ಕೇಳಿ. ಕಳಿಸಲು ಸಬೂಬು ಹೇಳಿದರೆ ಬಿಟ್ಟುಬಿಡಿ.

ನನ್ನ ಹತ್ತಿರ ಈಗ ಚಾಸಿ (ಕಾರಿನ ಕೆಳಗಿನ ಚೌಕಟ್ಟು), ಚಕ್ರಗಳು, ಸುಲಿದು ತೊಳೆದ ಸೀಟುಗಳು ಚೆನ್ನಾಗಿವೆ. ತಿಳಿ ನೀಲಿ ಬಣ್ಣದ ಬಾಟಲಿಯನ್ನು ಇನ್ನೂ ತೆರೆದಿಲ್ಲ. ಈ ಬೀಟಲ್‌ನ ಬಾಡಿ, ಮುಂದಿನ ಗಾಜು ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಕಲಬುರಗಿ, ಬೀದರ್, ಯಾದಗಿರಿ ಎಲ್ಲಿದ್ದರೂ ನಾನೇ ಬಂದು, ನೋಡಿ, ದುಡ್ಡು ಕೊಟ್ಟು ತಗೊಂಡು ಹೋಗುತ್ತೇನೆ.