ಗಾರ್ಫೀಲ್ಡ್ ಪಾರ್ಕ್ ಕನ್ಸರ್ವೇಟರಿ, ಶಿಕಾಗೋ: ಹೋಗೋದಾದ್ರೆ ಜನವರಿಲೇ ಹೋಗಿ

ಚಳಿಗಾಲದಲ್ಲಿ ಊರಿಂದ ನೆಂಟರು ಬಂದ್ರೆ ಶಿಕಾಗೋದಲ್ಲಿ ಎಲ್ಲಿಗಪ್ಪಾ ಕರ್ಕೊಂಡು ಹೋಗೋದು ಅಂತ ತಲೆ ಕೆಡಿಸ್ಕೊಳ್ಳೋರಿಗೆ ನಾನು ಹೇಳೋ ಜಾಗ ಇದೇ, ಗಾಜಿನ ಚಾವಣಿ ಕೆಳಗೆ ಗಿಡ ಬೆಳೆಸಿರೋ ದೊಡ್ಡ ತೋಟ. ಬೇಸಿಗೆಲಿ ಹೋಗಿ ಏನು ಪ್ರಯೋಜನ, ಆಗ ಹೊರಗೂ ಹಸಿರು ಒಳಗೂ ಹಸಿರು. ಹೊರಗೆ ಮೈನಸ್ 15 ಇದ್ದು ಮೂಗು ಮರಗಟ್ಟಿರೋ ದಿನ ಹೋಗಿ ನೋಡಿ. ಬಾಗಿಲು ದಾಟ್ತಿದ್ದಂಗೇ ಕನ್ನಡಕ ಪೂರ್ತಿ ಮಂಜು ಹಿಡಿದು ಏನೂ ಕಾಣಲ್ಲ, ಗಿಡ ಕಾಣೋ ಮುಂಚೆ ಅದರ ವಾಸನೆ ಬರುತ್ತೆ, ಒದ್ದೆ ಮಣ್ಣು, ಕೊಳೆತ ಎಲೆ, ಜುಲೈಲಿ ಆಗುಂಬೆಲಿ ಬಸ್ಸಿಂದ ಇಳಿದಂಗೆ.

ಲಾಲ್‌ಬಾಗ್ ಗಾಜಿನ ಮನೆ ತಲೇಲಿಟ್ಕೊಂಡು ಹೋಗ್ಬೇಡಿ. ಅದು ಸುತ್ತ ತೆರೆದಿರೋ ಮಂಟಪ, ಫಲಪುಷ್ಪ ಪ್ರದರ್ಶನದ ಟೈಮಲ್ಲಿ ತುಂಬುತ್ತೆ, ಆಮೇಲೆ ಖಾಲಿ. ಇಲ್ಲಿ ಗಿಡಗಳು ವರ್ಷಪೂರ್ತಿ ನೆಲದಲ್ಲೇ ಬೇರು ಬಿಟ್ಕೊಂಡು ಇರ್ತವೆ. 1908ರಲ್ಲಿ ಶುರುವಾದಾಗ ಅದೇ ದೊಡ್ಡ ವಿಷಯ ಅಂತೆ, ಯಾಕಂದ್ರೆ ಆಗೆಲ್ಲ ಇಂಥ ಗಾಜಿನ ಮನೆ ಅಂದ್ರೆ ಕುಂಡ ಸಾಲಾಗಿ ಜೋಡಿಸೋದು. ಇದನ್ನ ಮಾಡಿದ ಯೆನ್ಸ್ ಯೆನ್ಸನ್ ಅನ್ನೋ ಡೆನ್ಮಾರ್ಕ್ ಮೂಲದ ಮನುಷ್ಯ ಕುಂಡ ಬಿಟ್ಟು ನೆಲದಲ್ಲೇ ನೆಟ್ಟ, ಬಿಸಿ ಪೈಪುಗಳನ್ನ ಕಲ್ಲಿನ ಹಿಂದೆ ಬಚ್ಚಿಟ್ಟ, ಕಟ್ಟಡದ ಆಕಾರಕ್ಕೆ ಅರಮನೆ ಗೋಪುರ ಎಲ್ಲ ಬೇಡ ಅಂತ ಆ ಕಡೆಯ ಹೊಲದಲ್ಲಿ ಕಾಣೋ ಹುಲ್ಲಿನ ಬಣವೆನೇ ಮಾದರಿ ಮಾಡ್ಕೊಂಡ.

ಮೊದಲು ಸಿಗೋದು ಪಾಮ್ ಹೌಸ್, ಎತ್ತರ ಇದೆ, ತಲೆ ಎತ್ತಿ ಕತ್ತು ನೋಯುತ್ತೆ. ಇಲ್ಲೊಂದು ಬ್ರೆಜಿಲ್ ಮೂಲದ ಮರ ಬೆಳೆದೂ ಬೆಳೆದೂ ಚಾವಣಿ ಗಾಜಿಗೇ ಮುಟ್ಟಿ ಕೊನೆಗೆ ಕಡಿಯಬೇಕಾಯ್ತು, ಪಾಪ. ಅಲ್ಲಿ ಜಾಸ್ತಿ ನಿಲ್ಲದೆ ಮುಂದೆ ಫರ್ನ್ ರೂಮಿಗೆ ಬನ್ನಿ. ನನ್ನ ಪ್ರಕಾರ ಇಡೀ ಜಾಗದ ಜೀವ ಇರೋದು ಇಲ್ಲಿ. ನಡುವೆ ತಗ್ಗಲ್ಲಿ ಕೊಳ, ಸುತ್ತ ಪದರ ಪದರವಾಗಿ ಅಡ್ಡಡ್ಡ ಜೋಡಿಸಿರೋ ಕಲ್ಲು, ಅದರ ಸಂದಿಲೆಲ್ಲ ಪಾಚಿ, ಜರೀಗಿಡ, ಆಮೇಲೆ ಸೈಕಡ್‌ಗಳು. ಇವು ನೋಡೋಕೆ ಈಚಲ ಥರ ಇದ್ರೂ ಈಚಲಿಗೂ ಇವಕ್ಕೂ ಸಂಬಂಧ ಇಲ್ಲ, ಡೈನೋಸಾರ್ ಕಾಲದ ವಂಶ. ಮನುಷ್ಯ ಬರೋಕೂ ಎಷ್ಟೋ ಕೋಟಿ ವರ್ಷ ಮುಂಚೆ ಇಲಿನಾಯ್ ಹೇಗಿತ್ತೋ ಹಂಗೆ ಕಾಣ್ಬೇಕು ಅನ್ನೋದು ಯೆನ್ಸನ್ ಐಡಿಯಾ. ಪುಟ್ಟ ಜಲಪಾತ ಒಂದಿದೆ, ಅದನ್ನ ಕಟ್ಟಿದ ಮೇಸ್ತ್ರಿ ಬೆಟ್ಟದ ಝರಿ ಥರ ಧುಮುಕೋ ಹಂಗೆ ಮಾಡಿದ್ನಂತೆ, ಯೆನ್ಸನ್ ಒಪ್ಪದೆ ಮತ್ತೆ ಮತ್ತೆ ಬಿಚ್ಚಿಸಿ ಕೊನೆಗೆ ಹೋಗಿ ಮೆಂಡೆಲ್ಸನ್ ಅನ್ನೋ ಸಂಗೀತಗಾರನ ಮೆಲುವಾದ ಸಂಗೀತ ಕೇಳ್ಕೊಂಡು ಬಾ ಅಂದ್ನಂತೆ. ಕಥೆ ಎಷ್ಟು ನಿಜವೋ, ನೀರಂತೂ ಈಗ್ಲೂ ಮೆಲ್ಲಗೆ ತೊಟ್ಟಿಕ್ಕೋ ಹಂಗೇ ಬೀಳುತ್ತೆ, ಬೆಂಚಲ್ಲಿ ಕೂತ್ರೆ ಏಳೋಕೆ ಮನಸ್ಸು ಬರಲ್ಲ.

2011ರ ಜೂನ್ 30ಕ್ಕೆ ಭಯಂಕರ ಆಲಿಕಲ್ಲು ಮಳೆ ಬಂದು ಈ ರೂಮಿನ ಚಾವಣಿ ಪುಡಿಪುಡಿ ಆಗಿತ್ತು, ಎಲೆಗಳ ಮಧ್ಯೆ ಗಾಜಿನ ಚೂರು, ಕೈಯಲ್ಲೇ ಆರಿಸಿ ತೆಗೀಬೇಕಾಯ್ತು, ರಿಪೇರಿ ವರ್ಷಗಟ್ಟಲೆ ನಡೀತು. ಇವತ್ತು ಹೋದ್ರೆ ಅದರ ಸುಳಿವೇ ಸಿಗಲ್ಲ.

ಏರಾಯ್ಡ್ ಹೌಸಲ್ಲಿ ಎಲ್ಲರೂ ಫೋಟೋ ತೆಗೆಯೋದು ಕೊಳದಲ್ಲಿರೋ, ಗಾಜಿನ ಕಲಾವಿದ ಚಿಹೂಲಿ ಅವರ ಹಳದಿ ಗಾಜಿನ ತಾವರೆ ಎಲೆಗಳದ್ದು, ಚೆನ್ನಾಗೇ ಇವೆ. ಆದ್ರೆ ಮನೇಲಿ ಮನಿಪ್ಲಾಂಟ್ ಇಟ್ಟಿರೋರು ಗೋಡೆ ಹತ್ತಿರೋ ಬಳ್ಳಿಗಳನ್ನೂ ಸ್ವಲ್ಪ ನೋಡಿ. ಮನಿಪ್ಲಾಂಟ್, ಮಾನ್ಸ್ಟೆರಾ, ಆಂಥೂರಿಯಂ, ನಾವು ಪತ್ರೊಡೆ ಮಾಡೋ ಕೆಸು, ಸುವರ್ಣಗೆಡ್ಡೆ, ಎಲ್ಲ ಒಂದೇ ಕುಟುಂಬ, ಏರಾಯ್ಡ್ ಅಂದ್ರೆ ಇವೇ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ರೆ ನಾಲಿಗೆ ತುರಿಸುತ್ತಲ್ಲ, ಇವುಗಳಲ್ಲೂ ಅದೇ ಸೂಜಿಯಂಥ ಹರಳು ಇರೋದು, ಅದಕ್ಕೇ ಚಿಕ್ಕ ಮಕ್ಕಳು ಎಲೆ ಬಾಯಿಗೆ ಹಾಕದ ಹಾಗೆ ನೋಡ್ಕೊಳ್ಳಿ.

ನಮ್ಮತ್ತೆ ಪುತ್ತೂರಿನವರು, ತೋಟದವರು. ಶುಗರ್ ಫ್ರಮ್ ದ ಸನ್ ಅನ್ನೋ ರೂಮಲ್ಲಿ ಕಬ್ಬು ಬಾಳೆ ಕಾಫಿ ಕೊಕ್ಕೊ ಎಲ್ಲ ಇದೆ, ಗಿಡ ಬಿಸಿಲಿಂದ ಸಕ್ಕರೆ ಹೇಗೆ ಮಾಡುತ್ತೆ ಅಂತ ಮಕ್ಕಳಿಗೆ ತಿಳಿಸೋ ರೂಮು. ಇವ್ರು ಅಲ್ಲಿ ಇನ್ಸ್ಪೆಕ್ಷನ್ನೇ ಶುರು ಮಾಡಿದ್ರು. ಬಾಳೆ ಬುಡದಲ್ಲಿ ಎದ್ದಿದ್ದ ಮರಿಗಿಡಗಳನ್ನ ನೋಡಿ "ಇಷ್ಟು ಕಂದು ಬಿಡ್ಲಿಕ್ಕುಂಟಾ, ಎರಡು ಇಟ್ಟು ಬಾಕಿದ್ದು ತೆಗೀಬೇಕು" ಅಂದ್ರು. ಕೊಕ್ಕೊ ಕಾಂಡಕ್ಕೇ ಅಂಟಿಕೊಂಡಿದ್ದ ಕಾಯಿ ನೋಡಿ ಮಾತ್ರ ಸ್ವಲ್ಪ ಹೊಟ್ಟೆಕಿಚ್ಚು, "ಇಲ್ಲಿ ಅಳಿಲು, ಮಂಗ ಬರುದಿಲ್ಲ ಅಲ್ವಾ, ಅದಕ್ಕೇ ಇಷ್ಟು ಚಂದ ಉಂಟು." ಪಕ್ಕದಲ್ಲಿದ್ದ ಅಮೆರಿಕನ್ ಹುಡುಗ ಅದನ್ನ ಕುಂಬಳಕಾಯಿನಾ ಅಂತ ಅವರಮ್ಮನ್ನ ಕೇಳ್ತಿದ್ದ.

ಡೆಸರ್ಟ್ ಹೌಸ್ ಕಳ್ಳಿ ಇಷ್ಟ ಇರೋರಿಗೆ, ಒಣ ಗಾಳಿ ಇರೋದ್ರಿಂದ ಕನ್ನಡಕಕ್ಕೂ ರೆಸ್ಟು. ಶೋ ಹೌಸಲ್ಲಿ ಸೀಸನ್ನಿಗೆ ತಕ್ಕಂತೆ ಹೂವಿನ ಪ್ರದರ್ಶನ, ಲಾಲ್‌ಬಾಗ್ ನೋಡಿ ಬೆಳೆದೋರಿಗೆ ಸಾಧಾರಣ ಅನ್ಸುತ್ತೆ, ಅರ್ಧ ಸ್ಟಾರ್ ಅಲ್ಲೇ ಕಟ್. ಮಕ್ಕಳಿಗೆ ಬೇರೆ ರೂಮಿದೆ, ಜಾರುಬಂಡಿ ಇದೆ, ಅಲ್ಲಿಗೆ ಕೊನೇಲಿ ಹೋಗಿ, ಮೊದ್ಲೇ ಹೋದ್ರೆ ಮಿಕ್ಕಿದ್ದು ನೋಡೋಕೆ ಬಿಡಲ್ಲ.

ಎಂಟ್ರಿಗೆ ದುಡ್ಡು ಇದೆಯಾ ಇಲ್ವಾ ಅಂತ ಮೊದ್ಲೇ ನೋಡ್ಕೊಳ್ಳಿ. ಗ್ರೀನ್ ಲೈನ್ ಟ್ರೈನ್ ಹಿಡಿದು ಕನ್ಸರ್ವೇಟರಿ ಸ್ಟೇಷನ್ನಲ್ಲಿ ಇಳಿದ್ರೆ ಪಕ್ಕದಲ್ಲೇ. ವಾರದಲ್ಲಿ ರಜೆ ದಿನ ಇರುತ್ತೆ, ವೆಬ್‌ಸೈಟ್ ನೋಡ್ಕೊಂಡು ಹೊರಡಿ. ಒಳಗೆ ಸೆಕೆ ಆಗುತ್ತೆ, ದಪ್ಪ ಜಾಕೆಟ್ ಒಳಗೆ ತೆಳು ಬಟ್ಟೆ ಹಾಕ್ಕೊಂಡು ಹೋಗಿ. ನಾಲ್ಕೂವರೆ ಸ್ಟಾರ್, ಅತ್ತೆದು ನಾಲ್ಕು, ಬಾಳೆ ಕಂದು ತೆಗೆದ್ರೆ ಐದು ಕೊಡ್ತಾರಂತೆ.