ಕಿಡ್ನಿ ತೊಂದರೆ ಇರುವವರ ಮನೆಗೆ 'ಲೋ ಸೋಡಿಯಂ' ಉಪ್ಪು ತರಬೇಡಿ

ನಮ್ಮತ್ತೆಗೆ 73 ವರ್ಷ. ಶುಗರ್, ಬಿಪಿ ಎರಡೂ ಇಪ್ಪತ್ತು ವರ್ಷದಿಂದ ಇವೆ. ಕಳೆದ ವರ್ಷ ಕಿಡ್ನಿ ತೊಂದರೆ ನಾಲ್ಕನೇ ಹಂತಕ್ಕೆ ಬಂದಿದೆ ಅಂತ ಗೊತ್ತಾಯಿತು. ಊಟದ ಬಗ್ಗೆ ನಮಗೆ ಸಿಕ್ಕ ಸಲಹೆ ಒಂದೇ, "ಉಪ್ಪು ಕಡಿಮೆ ಮಾಡಿ." ಅದನ್ನು ಪಾಲಿಸಲು ಹೋಗಿ ಎರಡು ತಿಂಗಳಲ್ಲಿ ಅವರನ್ನು ಐಸಿಯುಗೆ ಸೇರಿಸಿದೆವು. ಅಡುಗೆ ಮಾಡುತ್ತಿದ್ದವಳು ನಾನು. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಮೊದಲು ಉಪ್ಪಿನ ವಿಷಯ. ಅತ್ತೆಗೆ ಸಪ್ಪೆ ಊಟ ಇಳಿಯುತ್ತಿರಲಿಲ್ಲ. ನಮ್ಮ ಯಜಮಾನರು ಅಂಗಡಿಯಿಂದ ಸೋಡಿಯಂ ಕಡಿಮೆ ಇರುವ ಉಪ್ಪಿನ ಪ್ಯಾಕೆಟ್ ತಂದರು. ಬಿಪಿಗೆ ಒಳ್ಳೆಯದು ಅಂತ ಮೇಲೆಯೇ ಬರೆದಿತ್ತು. ರುಚಿಯೂ ಹೆಚ್ಚುಕಮ್ಮಿ ಉಪ್ಪಿನದ್ದೇ. ಖುಷಿಯಿಂದ ಧಾರಾಳವಾಗಿ ಹಾಕಿದೆ. ಹಿಂದೆ ಸಣ್ಣ ಅಕ್ಷರದಲ್ಲಿ 'ಪೊಟ್ಯಾಸಿಯಂ ಕ್ಲೋರೈಡ್' ಅಂತ ಇದ್ದದ್ದನ್ನು ನಾನು ಓದಿದ್ದು ಆಸ್ಪತ್ರೆಯಿಂದ ಬಂದ ಮೇಲೆ. ಇಂಥ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ಚೆನ್ನಾಗಿರುವವರಲ್ಲಿ ಜಾಸ್ತಿಯಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ. ಅತ್ತೆಯ ಕಿಡ್ನಿಗೆ ಅದನ್ನು ಹೊರಹಾಕುವ ಶಕ್ತಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಈ ಉಪ್ಪನ್ನು ಬಳಸಬಹುದು ಅಂತ ಸಲಹೆ ಕೊಟ್ಟಾಗಲೂ, ಕಿಡ್ನಿ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿದೆ.

ಎರಡನೆಯದು ಎಳನೀರು. ನಮ್ಮದು ಮದ್ದೂರಿನ ಕಡೆ, ತೋಟದ ಎಳನೀರಿಗೆ ಬರವಿಲ್ಲ. ನೋಡಲು ಬಂದವರೆಲ್ಲ "ಕಿಡ್ನಿ ತಂಪಾಗುತ್ತೆ, ದಿನಾ ಕೊಡಿ" ಅಂದರು. ದಿನಕ್ಕೊಂದು ಕೊಟ್ಟೆವು. ಒಂದು ಲೋಟ ಎಳನೀರಿನಲ್ಲಿ ದೊಡ್ಡ ಪಚ್ಚಬಾಳೆಹಣ್ಣಿನಷ್ಟು, ಅಂದರೆ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ.

ಮೂರನೆಯದು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ತರಕಾರಿ, ಸೊಪ್ಪು ಬೇಯಿಸಿ ನೀರು ಬಸಿದು ಕೊಡಬೇಕು ಅಂತ ನೆಂಟರೊಬ್ಬರು ಹೇಳಿದ್ದರು. ಸರಿಯಾದ ಮಾತೇ. ಆದರೆ ನಮ್ಮ ಕಡೆ ಸೊಪ್ಪು, ಕಾಳು ಬಸಿದ ನೀರನ್ನು ಯಾರು ಚೆಲ್ಲುತ್ತಾರೆ? ಅತ್ತೆ ಒಲೆ ಪಕ್ಕ ಬಂದು ನಿಂತು, "ಸತ್ವ ಎಲ್ಲಾ ಆ ನೀರಲ್ಲೇ ಇರೋದು ಕಣಮ್ಮ, ಚೆಲ್ಲಬೇಡ" ಅಂದರು. ಪಲ್ಯ ನಾವು ತಿಂದೆವು. ಆ ನೀರಿನಲ್ಲಿ ಬಸ್ಸಾರು ಮಾಡಿ ಅವರ ಮುದ್ದೆಗೆ ಬಡಿಸಿದೆ. ಬೇಯಿಸಿದಾಗ ಸೊಪ್ಪಿನ ಪೊಟ್ಯಾಸಿಯಂ ಇಳಿಯುವುದು ಆ ನೀರಿಗೇ. ಅವರು ತಿನ್ನಬೇಕಾಗಿದ್ದದ್ದನ್ನು ನಾವು ತಿಂದು, ಚೆಲ್ಲಬೇಕಾಗಿದ್ದದ್ದನ್ನು ಅವರಿಗೆ ಕೊಟ್ಟಿದ್ದೆ.

ಅವತ್ತು ಶನಿವಾರ. ಬೆಳಗ್ಗೆ ಕುರ್ಚಿಯಿಂದ ಏಳಲು ಹೋದವರು ಹಾಗೇ ಕೂತುಬಿಟ್ಟರು. "ಕಾಲಲ್ಲಿ ಜೀವನೇ ಇಲ್ಲ ಕಣಮ್ಮ" ಅಂದರು. ನೋವಿಲ್ಲ, ಜ್ವರ ಇಲ್ಲ. ಶುಗರ್ ನೋಡಿದೆವು, 142. ಸುಸ್ತಿರಬೇಕು ಅಂತ ಇನ್ನೊಂದು ಎಳನೀರು ಕುಡಿಸಿದೆ. ಸಂಜೆ ಬಿಪಿ ಮಷಿನ್ ಕಟ್ಟಿದಾಗ ನಾಡಿ 38 ತೋರಿಸಿತು. ಮಷಿನ್ ಕೆಟ್ಟಿದೆ ಅಂದುಕೊಂಡು ನನ್ನ ಕೈಗೆ ಕಟ್ಟಿಕೊಂಡೆ, 84. ಮತ್ತೆ ಅವರಿಗೆ ಕಟ್ಟಿದರೆ 37. ಆಗ ಕಾರು ತೆಗೆದೆವು.

ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತಿದ್ದಂತೆ ಎಲ್ಲರೂ ಓಡಾಡತೊಡಗಿದರು. ರಕ್ತದಲ್ಲಿ ಪೊಟ್ಯಾಸಿಯಂ 7.4 ಇತ್ತು. ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು. ಹೃದಯ ಕಾಪಾಡಲು ಕ್ಯಾಲ್ಸಿಯಂ ಇಂಜೆಕ್ಷನ್, ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳಲು ಗ್ಲುಕೋಸ್ ಜೊತೆ ಇನ್ಸುಲಿನ್ ಕೊಟ್ಟರು. ರಾತ್ರಿಯೇ ಡಯಾಲಿಸಿಸ್ ಮಾಡಿದರು. "ಇನ್ನು ಸ್ವಲ್ಪ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು" ಅಂದರು ಡಾಕ್ಟರು. ಎರಡು ಸಲ ಡಯಾಲಿಸಿಸ್ ಆದ ಮೇಲೆ ಚೇತರಿಸಿಕೊಂಡರು. ಈಗ ಮನೆಯಲ್ಲಿದ್ದಾರೆ.

ಹಳೆಯ ರಿಪೋರ್ಟ್ ತೆಗೆದು ನೋಡಿದರೆ, ಒಂದು ತಿಂಗಳ ಹಿಂದೆಯೇ ಪೊಟ್ಯಾಸಿಯಂ 5.8 ಇತ್ತು. ನಾವು ನೋಡಿದ್ದು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಒಂದನ್ನೇ. ಎಲ್ಲರೂ ಕೇಳುವುದೂ ಅದನ್ನೇ ಅಲ್ವಾ? ನಿಮ್ಮ ಮನೆಯ ಹಿರಿಯರ ರಿಪೋರ್ಟ್ ಇದ್ದರೆ ಈಗಲೇ ಪೊಟ್ಯಾಸಿಯಂ ಸಾಲು ಹುಡುಕಿ ನೋಡಿ. ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆಗಳಿಂದಲೂ ಅದು ಏರಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಈಗ ನಮ್ಮನೆಯಲ್ಲಿ ಮಾಮೂಲಿ ಉಪ್ಪನ್ನೇ ಅಳತೆ ಮಾಡಿ ಹಾಕುತ್ತೇನೆ. ಸೈಂಧವ ಲವಣವೂ ಪರಿಹಾರವಲ್ಲ, ಅದರಲ್ಲೂ ಇರುವುದು ಹೆಚ್ಚಾಗಿ ಸೋಡಿಯಮ್ಮೇ. ರುಚಿಗೆ ಜೀರಿಗೆ, ಮೆಣಸು, ಇಂಗಿನ ಒಗ್ಗರಣೆ, ಮೇಲೆ ನಾಲ್ಕು ಹನಿ ನಿಂಬೆರಸ. ಸೋರೆ, ಹೀರೆ, ಪಡವಲ ಜಾಸ್ತಿ ಮಾಡುತ್ತೇನೆ. ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲುತ್ತೇನೆ. ಹಣ್ಣು ಅಂದರೆ ಅರ್ಧ ಸೇಬು, ಇಲ್ಲ ಅನಾನಸ್‌ನ ಎರಡು ಹೋಳು. ದಾರೆಹುಳಿಯನ್ನು (ಸ್ಟಾರ್ ಫ್ರೂಟ್) ಮಾತ್ರ ಮನೆಗೇ ತರುವುದಿಲ್ಲ. ಕಿಡ್ನಿ ಕೆಟ್ಟವರಿಗೆ ಅದು ವಿಷ. ಬಿಕ್ಕಳಿಕೆ, ಬುದ್ಧಿ ಮಂಕಾಗುವುದು, ಫಿಟ್ಸ್ ತನಕ ಹೋಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಗೊಜ್ಜು, ಉಪ್ಪಿನಕಾಯಿ ಮಾಡುವವರು ದಯವಿಟ್ಟು ಗಮನಿಸಿ.

ನಮ್ಮ ಈ ಪಟ್ಟಿಯನ್ನೂ ಸುಮ್ನೆ ನಕಲು ಮಾಡಬೇಡಿ. ಎಲ್ಲ ಕಿಡ್ನಿ ರೋಗಿಗಳಿಗೂ ಪೊಟ್ಯಾಸಿಯಂ ಏರಿರುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪ್ರೋಟೀನ್ ಜಾಸ್ತಿ ಬೇಕು, ಮಾಡಿಸಿಕೊಳ್ಳದವರಿಗೆ ಮಿತವಾಗಿರಬೇಕು. ಪಕ್ಕದ ಮನೆಯವರ ಮಾತು ಕೇಳಿ ಬೇಳೆಯನ್ನೇ ಬಿಡಿಸಿದ್ದರಿಂದ ಅತ್ತೆಯ ತೋಳು ಬಳೆ ನಿಲ್ಲದಷ್ಟು ಸೊರಗಿದ್ದವು. ಕಿಡ್ನಿ ರೋಗಿಗಳ ಊಟ ಗೊತ್ತಿರುವ ಡಯಟೀಶಿಯನ್ ಹತ್ತಿರ ರಿಪೋರ್ಟ್ ತೋರಿಸಿಯೇ ಪಟ್ಟಿ ಬರೆಸಿಕೊಳ್ಳಿ.

ಇದ್ದಕ್ಕಿದ್ದ ಹಾಗೆ ಕಾಲು ಸೋತರೆ, ನಾಡಿ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಕಿಡ್ನಿ ತೊಂದರೆ ಇದೆ ಅಂತ ಬಾಗಿಲಲ್ಲೇ ಹೇಳಿ, ಇಸಿಜಿ ಮತ್ತು ಪೊಟ್ಯಾಸಿಯಂ ಮೊದಲು ನೋಡಿ ಅಂತ ಕೇಳಿ. ನಾವು ಅವತ್ತು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮನೆಯಲ್ಲೇ ಕಾಯ್ದಿದ್ದೆವು.